ಕಂಪ್ಯೂಟರಿನ ನಿದ್ದೆ

ನಿದ್ದೆಯೆಂಬುದು ಪ್ರಾಣಿವರ್ಗಕ್ಕೆ ಮಾತ್ರ ಸಂದ ಸುಖವೆಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಮನುಷ್ಯ ಮಲಗುತ್ತಾನೆ, ದನಕರು ಮಲಗುತ್ತವೆ, ಊಟವಾದ ಮೇಲಿನ ಮೊದಲನೆಯ ಪೀರಿಯಡ್ಡಿನಲ್ಲಿ ನಮ್ಮ ತರಗತಿಯ ಹಿಂದಿನ ಎರಡು ಬೆಂಚುಗಳು ಇಡಿಯಾಗಿ ಮಲಗುತ್ತವೆ. ಆದರೆ ಯಂತ್ರ ಮಲಗುವುದನ್ನು ಕಂಡವರಾರು? ಅಪ್ಪನ ಪಂಪ್‌ಸೆಟ್ಟು ಓಡುತ್ತದೆ, ಇಲ್ಲವೆ ನಿಲ್ಲುತ್ತದೆ. ಅವ್ವನ ಮಿಕ್ಸಿ ಅರಚುತ್ತದೆ, ಇಲ್ಲವೆ ಬಾಯಿ ಮುಚ್ಚಿಕೊಂಡಿರುತ್ತದೆ. ನಡುವಣ ಸ್ಥಿತಿಯೆಂಬುದಿಲ್ಲ. ಹೀಗಿರುವಲ್ಲಿ ನಮ್ಮ ಮನೆಗೆ ಒಂದು ಕಂಪ್ಯೂಟರು ಬಂದಿತು. ಅದಕ್ಕೆ ಎಚ್ಚರವಲ್ಲದೆ ಸ್ಲೀಪ್, ಹೈಬರ್ನೇಟ್, ಷಟ್‌ಡೌನ್ ಎಂಬ ಬೇರೆ ಮೂರು ಅವಸ್ಥೆಗಳುಂಟೆಂದು ತಿಳಿದಾಗ, ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯವೆಂದು ನಾಲ್ಕು ಅವಸ್ಥೆಗಳನ್ನು ಎಣಿಸಿದ ನಮ್ಮ ಹಿರಿಯರು ಈ ಯಂತ್ರವನ್ನು ಮೊದಲೇ ಕಂಡಿದ್ದರೋ ಏನೋ ಎಂಬ ಗುಮಾನಿ ನನಗೆ ಬಂದಿತು.

ತಮಾಷೆ ಹಾಗಿರಲಿ. ರಾತ್ರಿ ಮಲಗುವ ಮುನ್ನ ಮನೆಯ ಕಂಪ್ಯೂಟರನ್ನು ಯಾವ ಅವಸ್ಥೆಯಲ್ಲಿ ಬಿಡಬೇಕು ಎಂಬುದು ನೋಡುವುದಕ್ಕೆ ಸಣ್ಣ ಪ್ರಶ್ನೆ. ಅದಕ್ಕೆ ಉತ್ತರ ಕಂಡುಕೊಳ್ಳಲು ನನಗೆ ಒಂಬತ್ತು ತಿಂಗಳು ಹಿಡಿಯಿತು, ನಷ್ಟವೂ ಆಯಿತು. ಆ ನಷ್ಟ ಇನ್ನೊಬ್ಬರಿಗೆ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರು ಬಂದದ್ದು 2024ರ ಗೌರಿಹಬ್ಬ ಕಳೆದ ವಾರದಲ್ಲಿ. ತಂದವಳು ಅಕ್ಕ. ಆಕೆ ಮದ್ದೂರಿನ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಷರ್ಟಿಗೆ ಕಾಲರು ಹೊಲಿಯುತ್ತಾಳೆ. ಬೆಳಗ್ಗೆ ಆರೂವರೆಗೆ ವ್ಯಾನು ಹತ್ತಿದರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಎರಡು ವರ್ಷ ಕಟ್ಟಿದ ಚೀಟಿಯನ್ನು ಎತ್ತಿ, ಯಾವುದೋ ಕಛೇರಿ ಬಳಸಿ ಬಿಟ್ಟ ಈ ಯಂತ್ರವನ್ನು 8,500 ರೂಪಾಯಿಗೆ ಕೊಂಡು ತಂದಳು. ನಮ್ಮ ವಂಶದಲ್ಲಿ ಹತ್ತನೆಯ ತರಗತಿ ದಾಟಿದವರೇ ನಾವಿಬ್ಬರು. ಕಾಲೇಜಿನ ಮೆಟ್ಟಿಲು ಹತ್ತಿ ಬಿ. ಎ.ವರೆಗೆ ಬಂದವನು ನಾನೊಬ್ಬನೇ. ಆದ್ದರಿಂದ ನಡುಮನೆಯಲ್ಲಿ ರಾಗಿಮೂಟೆಯ ಪಕ್ಕದ ಮೇಜಿನ ಮೇಲೆ ಅದನ್ನು ಪ್ರತಿಷ್ಠಾಪನೆ ಮಾಡಿ, ಅರಿಸಿನ ಕುಂಕುಮ ಹಚ್ಚಿ, ಮನೆಮಂದಿಯೆಲ್ಲ ನನ್ನ ಮುಖ ನೋಡಿದರು. ನಾನು ಗುಂಡಿ ಒತ್ತಿದೆ. ಅದು ಬೆಳಗಿತು. ಅಜ್ಜಿ ಕೈ ಮುಗಿದಳು.

ಮೊದಲನೆಯ ರಾತ್ರಿಯೇ ಚರ್ಚೆ ಹುಟ್ಟಿತು. ಅಪ್ಪನ ಮತ ಸರಳವಾದದ್ದು: ಮನುಷ್ಯ ಮಲಗುವಾಗ ಮನೆಯಲ್ಲಿ ಏನೂ ಉರಿಯಕೂಡದು. ಅಕ್ಕನ ಮತ ಬೇರೆ. ಅವಳ ಹೊಲಿಗೆ ಯಂತ್ರವನ್ನು ಪದೇ ಪದೇ ಆರಿಸಿ ಹಾಕಿದರೆ ಮೋಟಾರು ಕೆಡುತ್ತದೆಂದು ಲೈನಿನ ಮೇಲ್ವಿಚಾರಕಿ ಗದರಿಸುತ್ತಾಳಂತೆ. ಕಂಪ್ಯೂಟರೂ ಹಾಗೆಯೇ ಸವೆದೀತು ಎಂದು ಅವಳ ಭಯ. ನನ್ನ ಮಿತ್ರರು ಮಾತ್ರ, “ದೊಡ್ಡ ದೊಡ್ಡ ಕಂಪನಿಗಳಲ್ಲಿ ಯಾರೂ ಆರಿಸುವುದೇ ಇಲ್ಲ” ಎಂದರು. ಅವರಲ್ಲಿ ಯಾರೂ ದೊಡ್ಡ ಕಂಪನಿಯನ್ನು ಹೊರಗಿನಿಂದಲಾದರೂ ನೋಡಿದವರಲ್ಲ. ಆದರೂ ಆ ಮಾತು ನನಗೆ ಬಹಳ ಹಿಡಿಸಿತು. ಆರಿಸದೆ ಬಿಟ್ಟೆ.

ಒಂದು ತಿಂಗಳಾಯಿತು. ಮೀಟರು ಓದುವವರು ಬಂದು ಚೀಟಿ ಹರಿದುಕೊಟ್ಟರು. ಇಲ್ಲಿ ಒಂದು ಮಾತು ಹೇಳಬೇಕು. 2023ರ ಆಗಸ್ಟಿನಿಂದ ಗೃಹಜ್ಯೋತಿಯ ಕೃಪೆಯಿಂದ ನಮ್ಮ ಮನೆಯ ಬಿಲ್ಲು ಸೊನ್ನೆ. ಆದರೆ ಆ ಸೊನ್ನೆಗೂ ಒಂದು ಬೇಲಿಯುಂಟು. ಇನ್ನೂರು ಯೂನಿಟ್ಟೆಂದು ಜನ ಹೇಳಿದರೂ ಎಲ್ಲರಿಗೂ ಇನ್ನೂರಿಲ್ಲ. 2022–23ರಲ್ಲಿ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಆಯಾ ಮನೆಯ ಪಾಲು ಗೊತ್ತುಮಾಡಿದ್ದಾರೆ. ನಮ್ಮ ಸರಾಸರಿ 60, ಪಾಲು 66. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ ತೆರಬೇಕು. ಆ ತಿಂಗಳು ಬಂದದ್ದು 79. ಮೊತ್ತವೇನೋ ನೂರು ರೂಪಾಯಿಯ ಒಳಗೇ ಇತ್ತು. ಆದರೆ ವರ್ಷದಿಂದ ಸೊನ್ನೆಯನ್ನೇ ಕಂಡಿದ್ದ ಅಪ್ಪ ಆ ಚೀಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಬೆಳಕಿಗೆ ಹಿಡಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಮೇಲಾಗಿತ್ತು.

ಊರಿನ ಎಲೆಕ್ಟ್ರಿಷಿಯನ್ ಒಬ್ಬನ ಹತ್ತಿರ, ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸಿ ಎಷ್ಟು ವ್ಯಾಟು ಎಳೆಯುತ್ತಿದೆಯೆಂದು ನೋಡುವ ಮೀಟರಿತ್ತು. ಅದನ್ನು ಕೇಳಿ ತಂದೆ. ಪರದೆಯೂ ಸೇರಿ ಕಂಪ್ಯೂಟರು ಸುಮ್ಮನೆ ಎಚ್ಚರವಾಗಿದ್ದರೆ 60 ವ್ಯಾಟು. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಏಳು ಗಂಟೆ, ಆಯಿತೇ 420. ಸಾವಿರ ವ್ಯಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಹಾಗಾದರೆ ಮೂವತ್ತು ರಾತ್ರಿಗೆ ಹನ್ನೆರಡೂವರೆ ಯೂನಿಟ್ಟಿಗೂ ಮಿಗಿಲು. ಯಾರೂ ನೋಡದ ಪರದೆಗೆ ನಾವು ಇಷ್ಟು ದಕ್ಷಿಣೆ ಕೊಟ್ಟಿದ್ದೆವು. ಸ್ಲೀಪಿನಲ್ಲಿ ಅದೇ ಯಂತ್ರ ಎಳೆದದ್ದು 3 ವ್ಯಾಟು. ತಿಂಗಳ ರಾತ್ರಿಗಳೆಲ್ಲ ಸೇರಿ ಒಂದು ಯೂನಿಟ್ಟೂ ಆಗದು. ಷಟ್‌ಡೌನ್ ಮಾಡಿದಾಗ, ಹಾಗೂ ಹೈಬರ್ನೇಟಿನಲ್ಲಿ, 1 ವ್ಯಾಟಿನ ಆಸುಪಾಸು. ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಸೊನ್ನೆ. ಎಚ್ಚರಕ್ಕೂ ನಿದ್ದೆಗೂ ಇಪ್ಪತ್ತು ಪಟ್ಟು ಅಂತರ. ನಿದ್ದೆನಿದ್ದೆಗಳೊಳಗಿನ ಅಂತರ ತಿಂಗಳಿಗೆ ಅರ್ಧ ಯೂನಿಟ್ಟೂ ಇಲ್ಲ. ಖರ್ಚಿನ ದೃಷ್ಟಿಯಿಂದ ಪ್ರಶ್ನೆ ಅಲ್ಲಿಗೆ ಮುಗಿಯಿತು: ಮಲಗಿಸಿದರೆ ಸಾಕು, ಯಾವ ಮಗ್ಗುಲಲ್ಲಿ ಮಲಗಿತೆಂಬುದು ಮುಖ್ಯವಲ್ಲ. ನಾನು ಸ್ಲೀಪನ್ನು ಆರಿಸಿಕೊಂಡೆ.

ಸ್ಲೀಪಿನ ಸೊಗಸು ಸ್ಲೀಪು ಮಾಡಿದವರಿಗೇ ಗೊತ್ತು. ಬೆಳಗ್ಗೆ ಗುಂಡಿ ಮುಟ್ಟಿದರೆ ಎರಡು ಸೆಕೆಂಡಿನಲ್ಲಿ, ನಿನ್ನೆ ರಾತ್ರಿ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಯೇ, ಅದೇ ಪುಟ, ಅದೇ ಸಾಲು, ಅರ್ಧ ಬರೆದ ಪದ ಸಹ ಹಾಗೆಯೇ ಕಾಯುತ್ತಿರುತ್ತದೆ. ಅದರಲ್ಲಿ ಒಂದು ದೋಷವಿತ್ತು. ಅದು ಕೋಳಿನಿದ್ದೆ, ಮೌಸು ಅಲುಗಿದರೆ ಸಾಕು, ಎಚ್ಚರವಾಗುತ್ತದೆ. ಒಂದು ರಾತ್ರಿ ರಾಗಿಮೂಟೆಗೆ ಬಂದ ಇಲಿ ಮೇಜಿನ ಮೇಲೆ ಹಾದುಹೋಯಿತು. ಇಲಿಯ ಬಾಲ ತಾಗಿ ಮೌಸು ಅಲುಗಿ, ನಡುಮನೆಯೆಲ್ಲ ಹಗಲಾಯಿತು. ಅಲ್ಲಿಯೇ ಮಲಗಿದ್ದ ಅಜ್ಜಿ ಎದ್ದು ಕೂತು, “ಯಾರ್ಲಾ ಅದು ದೀಪ ಹಿಡ್ಕಂಡು ಬಂದೋರು?” ಎಂದು ಕೂಗಿ ಓಣಿಯನ್ನೇ ಎಬ್ಬಿಸಿದಳು. ಇಂಗ್ಲಿಷಿನಲ್ಲಿ ಆ ಉಪಕರಣಕ್ಕೆ ಇಲಿಯ ಹೆಸರನ್ನೇ ಏಕಿಟ್ಟರೆಂದು ನನಗೆ ಆ ರಾತ್ರಿ ಮನದಟ್ಟಾಯಿತು. ಇನ್ನೊಂದು ರಾತ್ರಿ ಎರಡು ಗಂಟೆಗೆ ಇಲಿಯೂ ಇಲ್ಲ, ಬೆಕ್ಕೂ ಇಲ್ಲ, ತನಗೆ ತಾನೇ ಎದ್ದಿತು. ವಿಂಡೋಸು ತನ್ನ ಮನೆಗೆಲಸಕ್ಕೆಂದು ಆ ಹೊತ್ತನ್ನೇ ಗೊತ್ತುಮಾಡಿಕೊಂಡಿರುತ್ತದೆಂದೂ, ಹಾಗೆ ಏಳದಂತೆ ಪವರ್ ಆಯ್ಕೆಗಳಲ್ಲಿ ತಡೆಯಬಹುದೆಂದೂ ಆಮೇಲೆ ತಿಳಿಯಿತು. ಅಜ್ಜಿ ಮಾತ್ರ ಮಾರನೆಯ ದಿನ ಅದಕ್ಕೆ ನಿಂಬೆಹಣ್ಣು ನಿವಾಳಿಸಿದಳು.

ಇಷ್ಟೇ ಆಗಿದ್ದರೆ ಈ ಪ್ರಬಂಧ ಇಲ್ಲಿಗೆ ಮುಗಿಯುತ್ತಿತ್ತು. ಕಳೆದ ಬೇಸಿಗೆ ರಜೆಗೆ ಮುನ್ನ ಕನ್ನಡ ಅಧ್ಯಾಪಕರು, “ನಿಮ್ಮ ನಿಮ್ಮ ಮನೆಯಲ್ಲಿ ಹಿರಿಯರಿಗೆ ಬರುವ ಪದಗಳನ್ನು ಬರೆದುಕೊಂಡು ಬನ್ನಿ” ಎಂದು ಹೇಳಿದ್ದರು. ಅಜ್ಜಿಗೆ ರಾಗಿ ಬೀಸುವ ಪದಗಳು ಬರುತ್ತವೆಂದು ಊರೇ ಹೇಳುತ್ತದೆ, ನಾನು ಕೇಳಿರಲಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಹಿತ್ತಿಲು ಸೇರಿ, ಪದಗಳು ಅದರ ಹಿಂದೆಯೇ ಹೋಗಿದ್ದವು. ಮೊಬೈಲು ಹಿಡಿದರೆ ಅವಳ ಗಂಟಲು ಕಟ್ಟಿತು. ಸುಮ್ಮನೆ ಹೇಳೆಂದರೆ, “ಕಲ್ಲಿಲ್ದೆ ಪದ ಎಲ್ ಬಂದದು ಮಗ” ಎಂದಳು. ಕಡೆಗೆ ಅವ್ವನೂ ನಾನೂ ಆ ಕಲ್ಲನ್ನು ಹಿತ್ತಿಲಿನಿಂದ ಉರುಳಿಸಿ ತಂದು, ತೊಳೆದು, ನಡುಮನೆಯಲ್ಲಿ ಹೂಡಿ, ಎರಡು ಹಿಡಿ ರಾಗಿ ಹಾಕಿದೆವು. ಕಲ್ಲು ನಾಲ್ಕು ಸುತ್ತು ತಿರುಗಿತು. ಪದ ಬಂದಿತು. ತವರಿನಿಂದ ಕರೆಯಲು ಬರುವ ಅಣ್ಣನ ಮೇಲೆ ಕಟ್ಟಿದ ಪದ, ಒಂಬತ್ತು ನುಡಿ. ನಡುನಡುವೆ ಆಕೆ ತನ್ನ ಅಣ್ಣನ ಹೆಸರನ್ನೂ, ಅವನ ಎತ್ತಿನ ಹೆಸರನ್ನೂ ಸೇರಿಸಿಕೊಂಡಿದ್ದಳು. ಆ ಅಣ್ಣ ಸತ್ತು ನಲವತ್ತು ವರ್ಷವಾಗಿದೆ. ನಾನು ಕಲ್ಲಿನ ಪಕ್ಕದಲ್ಲಿಯೇ ಮೇಜಿಗೆ ಕೂತು, ಆಕೆ ಹಾಡಿದಂತೆ ನೋಟ್‌ಪ್ಯಾಡಿನಲ್ಲಿ ಬೆರಳಚ್ಚು ಮಾಡುತ್ತ ಹೋದೆ.

ಮುಗಿದಾಗ ಹನ್ನೊಂದಾಗಿತ್ತು. ಬರೆದುದನ್ನು ಸೇವ್ ಮಾಡಬೇಕಾದರೆ ಯಂತ್ರ ಒಂದು ಹೆಸರು ಕೇಳುತ್ತದೆ. ಈ ಪದಕ್ಕೆ ಏನು ಹೆಸರಿಡಬೇಕೆಂದು ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಬೆಳಗ್ಗೆ ಒಳ್ಳೆಯ ಹೆಸರೊಂದನ್ನು ಯೋಚಿಸಿ ಇಟ್ಟರಾಯಿತು, ಹೇಗೂ ಎಲ್ಲವೂ ಇದ್ದ ಹಾಗೆಯೇ ಇರುತ್ತದಲ್ಲ ಎಂದು ಸ್ಲೀಪ್ ಒತ್ತಿ ಮಲಗಿದೆ.

ನಮ್ಮ ಊರು ಶಿವನಸಮುದ್ರಕ್ಕೆ ಹತ್ತಿರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಯವರೆಗೆ, ನೂರನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ, ತಂತಿಯ ಮೇಲೆ ವಿದ್ಯುತ್ತನ್ನು ಕಳಿಸಿದರೆಂದು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಆದರೆ ಮೇ ತಿಂಗಳ ಗಾಳಿಮಳೆ ಆ ಹೆಮ್ಮೆಯನ್ನು ಲೆಕ್ಕಕ್ಕಿಡುವುದಿಲ್ಲ. ಆ ರಾತ್ರಿ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದಿತು. ಬೆಳಗ್ಗೆ ಏಳಕ್ಕೆ ಕರೆಂಟು ಬಂದಾಗ ಗುಂಡಿ ಒತ್ತಿದೆ. ಕಂಪ್ಯೂಟರು ನನ್ನನ್ನು ಮೊದಲ ಸಲ ಕಂಡವರ ಹಾಗೆ ಮೊದಲಿನಿಂದ ಎದ್ದು ಬಂದಿತು. ನೋಟ್‌ಪ್ಯಾಡನ್ನು ತೆರೆದೆ, ಬಿಳಿಯ ಹಾಳೆ.

ಅಜ್ಜಿಯನ್ನು ಮತ್ತೆ ಕಲ್ಲಿನ ಮುಂದೆ ಕೂರಿಸಿದೆವು. “ಆವತ್ತಿಂದು ಆವತ್ಗೆ ಹೋಯ್ತು ಕನ ಮಗ” ಎನ್ನುತ್ತಲೇ ಹಾಡಿದಳು. ಒಂಬತ್ತರಲ್ಲಿ ಆರು ನುಡಿ ಬಂದವು. ಎತ್ತಿನ ಹೆಸರಿದ್ದ ನುಡಿ ಬರಲಿಲ್ಲ. ಮೂರು ದಿನ ಬಿಟ್ಟು ಕೇಳಿದೆ, ದೀಪಾವಳಿಯಲ್ಲಿ ಕೇಳಿದೆ, ಆರೇ. ನಾನು ಅಧ್ಯಾಪಕರಿಗೆ ಒಪ್ಪಿಸಿದ್ದು ಆ ಆರನ್ನು.

ಆ ವಾರವೇ ಕಾಲೇಜಿಗೆ ಹೋಗಿ ಕಂಪ್ಯೂಟರ್ ಪ್ರಯೋಗಾಲಯದ ಅಧ್ಯಾಪಕರನ್ನು ಕಂಡೆ. ಅವರು ತಿಳಿಸಿದುದನ್ನು ಮನೆಗೆ ಬಂದು ಅಜ್ಜಿಗೆ ಹೇಳುವಾಗ ನನಗೆ ಅರ್ಥವಾಯಿತು; ಅಲ್ಲಿಯವರೆಗೆ ಬರಿಯ ಕೇಳಿದ್ದಾಗಿತ್ತು.

ಯಂತ್ರದ ಒಳಗೆ ನೆನಪು ಎರಡು ಬಗೆ. ಕೆಲಸ ನಡೆಯುವಾಗಿನ ನೆನಪು ರ‍್ಯಾಮ್. ಅದು ವಿದ್ಯುತ್ತಿನ ಮೇಲೆ ನಿಂತದ್ದು. ಅದರೊಳಗಿನ ಅಕ್ಷರಗಳು ಸೋರಿಹೋಗುವ ಗುಣದವಾದ್ದರಿಂದ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಸಲ, ಅವನ್ನು ಮತ್ತೆ ಮತ್ತೆ ತುಂಬುತ್ತಿರಬೇಕು. ಇನ್ನೊಂದು ಡಿಸ್ಕು, ಅದರಲ್ಲಿ ಬರೆದದ್ದು ಕರೆಂಟಿಲ್ಲದೆಯೂ ಉಳಿಯುತ್ತದೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ 1996ರ ಡಿಸೆಂಬರಿನಲ್ಲಿ ಎಸಿಪಿಐ ಎಂಬ ನಿಯಮಾವಳಿಯನ್ನು ಹೊರಡಿಸಿ ಈ ಅವಸ್ಥೆಗಳಿಗೆ ನಂಬರು ಕೊಟ್ಟವು. ಎಸ್3 ಎಂದರೆ ಸ್ಲೀಪ್: ಉಳಿದುದೆಲ್ಲ ಆರಿ ರ‍್ಯಾಮಿಗೆ ಮಾತ್ರ ತುಸು ವಿದ್ಯುತ್ತು. ಎಸ್4 ಹೈಬರ್ನೇಟ್: ರ‍್ಯಾಮಿನಲ್ಲಿರುವುದನ್ನು ಡಿಸ್ಕಿಗೆ ಇಳಿಸಿ ಪೂರ್ತಿ ಆರುವುದು. ಎಸ್5 ಷಟ್‌ಡೌನ್.

“ಅಂಗಾದ್ರೆ ಮೊದಲ್ನೇದು ಕೆಂಡ ಮುಚ್ಚಿಕ್ಕೋದು” ಎಂದಳು ಅಜ್ಜಿ. ಮನೆಗೆ ಗ್ಯಾಸು ಬಂದರೂ ನೀರೊಲೆಯಲ್ಲಿ ಆಕೆ ಈಗಲೂ ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮಲಗುತ್ತಾಳೆ. ಬೆಳಗ್ಗೆ ಊದಿದರೆ ಬೆಂಕಿ. ರಾತ್ರಿಯೆಲ್ಲ ತುಸು ತುಸುವೇ ಉರಿಯುತ್ತಿರುತ್ತದೆ. ಮೇಲೆ ಒಂದು ತಂಬಿಗೆ ನೀರು ಬಿದ್ದರೆ ಬರಿಯ ಇದ್ದಿಲು. ಎರಡನೆಯದನ್ನು ಹೇಳಿದಾಗ ಆಕೆ ತುಸು ಯೋಚಿಸಿ, “ಹಗೇವು” ಎಂದಳು. ಹಿಂದೆ ನಮ್ಮ ಕಡೆ ಗಟ್ಟಿನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಬೇಕೆಂದೊಡನೆ ಇಳಿಯುವಂತಿಲ್ಲ. ಬಾಯಿ ತೆಗೆದು ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಹೈಬರ್ನೇಟ್ ಮಾಡಿದ ನಮ್ಮ ಯಂತ್ರವೂ ಏಳಲು ಇಪ್ಪತ್ತು ಸೆಕೆಂಡು ತೆಗೆದುಕೊಳ್ಳುತ್ತದೆ. ಮೂರನೆಯದಕ್ಕೆ ಅವ್ವನೇ ಒಳಗಿನಿಂದ ಉತ್ತರ ಕೊಟ್ಟಳು: “ಪಾತ್ರೆ ತೊಳ್ದು ಕವುಚಿಕ್ಕೋದು.”

ಹಾಗಾದರೆ ನನ್ನ ಕೆಂಡಕ್ಕೆ ನೀರು ಬಿದ್ದದ್ದು ನಿಜ. ಆದರೆ ಅದಕ್ಕೂ ಒಂದು ಕಾವಲಿತ್ತಂತೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದೀಚೆಗೆ ಮೇಜಿನ ಕಂಪ್ಯೂಟರುಗಳಿಗೆ ಹೈಬ್ರಿಡ್ ಸ್ಲೀಪ್ ಎಂಬುದುಂಟು. ಕೆಂಡವನ್ನೂ ಮುಚ್ಚಿಡುತ್ತದೆ, ಒಂದು ಪಾಲು ಹಗೇವಿಗೂ ಹಾಕುತ್ತದೆ. ಕರೆಂಟು ಹೋದರೂ ಬದುಕು ಉಳಿಯುತ್ತದೆ. ನಮ್ಮ ಯಂತ್ರದಲ್ಲಿ ಅದು ಏಕಿರಲಿಲ್ಲವೆಂದರೆ, ಮಾರಿದ ಅಂಗಡಿಯವರು 120 ಜಿಬಿಯ ಸಣ್ಣ ಡಿಸ್ಕಿನಲ್ಲಿ ಜಾಗ ಉಳಿಸಲೆಂದು ಹೈಬರ್ನೇಟಿನ ಕಡತವನ್ನೇ ತೆಗೆದಿದ್ದರು. ಅದು ಹೋದರೆ ಹೈಬ್ರಿಡ್ ಸ್ಲೀಪೂ ಹೋಯಿತು. ನಾಲ್ಕು ಜಿಬಿ ರ‍್ಯಾಮಿನ ಯಂತ್ರದಲ್ಲಿ ಅದು ತಿನ್ನುವ ಜಾಗ ಒಂದೂವರೆ ಜಿಬಿಯ ಮೇಲೆ ತುಸು. ಅಷ್ಟು ಜಾಗಕ್ಕೆ ನಮ್ಮ ಮೂರು ನುಡಿ ಹೋದವು. ಆದರೆ ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ಹೆಸರು ಹುಡುಕುತ್ತ ಸೇವ್ ಮಾಡದೆ ಮಲಗಿದವನು ನಾನು.

ಅಧ್ಯಾಪಕರು ಒಂದು ಸಾಲಿನ ಆಜ್ಞೆಯನ್ನು ಬರೆದುಕೊಟ್ಟರು. ಮನೆಗೆ ಬಂದು ಅದನ್ನು ಕೊಟ್ಟೊಡನೆ ಹೈಬರ್ನೇಟ್ ಮರಳಿ ಬಂದಿತು. ಪವರ್ ಆಯ್ಕೆಗಳಿಗೆ ಹೋಗಿ ಅದರ ಹೆಸರು ಪಟ್ಟಿಯಲ್ಲಿ ಕಾಣುವಂತೆಯೂ ಮಾಡಿದೆ. ಅದು ತಾನಾಗಿ ಅಲ್ಲಿ ಕಾಣುವುದಿಲ್ಲ. ಸವೆದೀತೆಂಬ ಅಕ್ಕನ ಭಯಕ್ಕೂ ಉತ್ತರ ದೊರೆಯಿತು. ದಿನಕ್ಕೊಮ್ಮೆ ಆರಿಸಿ ಹಾಕುವುದರಿಂದ ಇಂದಿನ ಯಂತ್ರಕ್ಕೆ ಏನೂ ಆಗದು. ರಾತ್ರಿಗೊಮ್ಮೆ ಒಂದೂವರೆ ಜಿಬಿ ಬರೆದರೂ ವರ್ಷಕ್ಕೆ ಅರ್ಧ ಟೆರಾಬೈಟಿನ ಸುಮಾರು. ಇಷ್ಟು ಸಣ್ಣ ಎಸ್‌ಎಸ್‌ಡಿಗೂ ಹತ್ತಾರು ಟೆರಾಬೈಟುಗಳ ತಾಳಿಕೆಯಿರುತ್ತದೆ.

ಹಾಗಾದರೆ ಅಪ್ಪನ ಮತದಂತೆ ಷಟ್‌ಡೌನನ್ನೇ ಏಕೆ ಮಾಡಬಾರದು? ಮಾಡಬಹುದು, ಆದರೆ ಅದೂ ಮೇಲೆ ಕಂಡಷ್ಟು ನೇರವಾದುದಲ್ಲ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಷಟ್‌ಡೌನ್ ಎಂದರೂ ಯಂತ್ರ ಪೂರ್ತಿ ಬಿಟ್ಟುಹೋಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿನಿಂದ ನಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ, ತನ್ನ ಒಳಗಿನ ತಿರುಳನ್ನು ಮಾತ್ರ ಹಗೇವಿಗೆ ಹಾಕಿ ಆರುತ್ತದೆ. ಪೂರ್ತಿ ಹೊಸದಾಗಿ ಏಳಬೇಕಾದರೆ ರೀಸ್ಟಾರ್ಟ್ ಮಾಡಬೇಕು. ನಮ್ಮಲ್ಲಿ ಮನೆ ಬಿಟ್ಟು ಹೊರಡುವವರು “ಹೋಗ್ತೀನಿ” ಎನ್ನುವುದುಂಟೇ? “ಬರ್ತೀನಿ” ಎನ್ನುತ್ತಾರೆ. ದೀಪವನ್ನು ಸಹ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತಾರೆ. ಈ ಸಂಪ್ರದಾಯವನ್ನು ಕಂಪ್ಯೂಟರು ಯಾರಿಂದ ಕಲಿಯಿತೋ ತಿಳಿಯದು.

ಕೇಳಿದ ಮಿತ್ರರಿಗೆ ನಾನು ಈಗ ಹೇಳುವುದಿಷ್ಟು. ಒಂದು ಗಳಿಗೆ ಎದ್ದು ಹೋಗುವುದಾದರೆ ಸ್ಲೀಪ್ ಸಾಕು. ಬ್ಯಾಟರಿಯಿರುವ ಲ್ಯಾಪ್‌ಟಾಪಿಗೆ ರಾತ್ರಿಯೂ ನಡೆದೀತು. ಬ್ಯಾಟರಿ ತೀರಾ ಇಳಿದಾಗ ಅದು ಸಾಮಾನ್ಯವಾಗಿ ತಾನೇ ಹೈಬರ್ನೇಟ್ ಆಗುತ್ತದೆ. ಆದರೆ ನಮ್ಮಂಥ ಊರುಗಳಲ್ಲಿ, ಯುಪಿಎಸ್ ಇಲ್ಲದ ಮೇಜಿನ ಕಂಪ್ಯೂಟರಿಗೆ, ರಾತ್ರಿ ಹೈಬರ್ನೇಟೇ ಕ್ಷೇಮ. ಕೆಲಸ ಮುಗಿದಿದ್ದರೆ ಷಟ್‌ಡೌನ್. ವಾರಕ್ಕೊಮ್ಮೆ ರೀಸ್ಟಾರ್ಟ್. ಯಂತ್ರ ಆರಿದ್ದು ಖಾತ್ರಿಯಾದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿದರೆ ಸಿಡಿಲಿನ ಕಾಲದಲ್ಲಿ ಒಳ್ಳೆಯದು; ಪ್ಲಗ್ಗನ್ನೇ ಕಿತ್ತರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಮೊದಲು ಸೇವ್ ಮಾಡಬೇಕು. ಒಳ್ಳೆಯ ಹೆಸರು ಹೊಳೆಯದಿದ್ದರೆ ಕೆಟ್ಟ ಹೆಸರನ್ನೇ ಕೊಡಿ. ನನ್ನ ಕಂಪ್ಯೂಟರಿನಲ್ಲಿ ಈಗ ಅಜ್ಜಿಯ ಪದಗಳು “ಅಜ್ಜಿ 1”, “ಅಜ್ಜಿ 2” ಎಂದು ಇಪ್ಪತ್ತಮೂರರವರೆಗೆ ಇವೆ. ಒಂದು ಪ್ರತಿ ಕಾಲೇಜಿನಲ್ಲಿಯೂ ಇದೆ. ಬಿಲ್ಲು ಮರಳಿ ಸೊನ್ನೆಗೆ ಬಂದಿದೆ. ಅಪ್ಪ ಈಗಲೂ ಚೀಟಿಯನ್ನು ಬೆಳಕಿಗೆ ಹಿಡಿದೇ ನೋಡುತ್ತಾನೆ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಅಕ್ಕ ದ್ವಿತೀಯ ಪಿಯುಸಿಯನ್ನು ನಡುವೆಯೇ ಬಿಟ್ಟವಳು. ಆ ವರ್ಷ ಆಲೆಮನೆಯಲ್ಲಿ ಕುದಿಯುವ ಪಾಕ ಚೆಲ್ಲಿ ಅಪ್ಪನ ಕಾಲು ಬೆಂದಿತ್ತು, ನಾನು ಹೈಸ್ಕೂಲಿನಲ್ಲಿದ್ದೆ. ಅವಳ ಓದು ಅಲ್ಲಿಗೆ ಮುಗಿಯಿತೆಂದು ಎಲ್ಲರಂತೆ ನಾನೂ ತಿಳಿದಿದ್ದೆ. ಹೈಬರ್ನೇಟಿನ ವಿಷಯವನ್ನು ನಾನು ಮನೆಯಲ್ಲಿ ವಿವರಿಸಿದ ದಿನ ಅವಳು ಏನೂ ಮಾತಾಡಲಿಲ್ಲ. ಮುಂದಿನ ಭಾನುವಾರ ಏಣಿ ಹಾಕಿ ಅಟ್ಟ ಹತ್ತಿ, ಹಳೆಯ ಪಂಚೆಯಲ್ಲಿ ಕಟ್ಟಿಟ್ಟಿದ್ದ ಪುಸ್ತಕದ ಗಂಟನ್ನು ಇಳಿಸಿದಳು. ಗಂಟಿನೊಳಗೆ ನುಸಿಗುಳಿಗೆ ಇದ್ದವು. ಅವು ಹೊಸವು, ವರ್ಷವರ್ಷವೂ ಬದಲಿಸುತ್ತ ಬಂದಿದ್ದಳೆಂದು ಕಾಣುತ್ತದೆ.

ಈ ಸಲ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಹಣ ಕಟ್ಟಿದ್ದಾಳೆ. ರಾತ್ರಿ ಒಂಬತ್ತರ ಮೇಲೆ ಕಂಪ್ಯೂಟರು ಅವಳದು. ಅಜ್ಜಿ ಕೆಂಡ ಮುಚ್ಚುತ್ತಾಳೆ, ಅವ್ವ ಪಾತ್ರೆ ಕವುಚುತ್ತಾಳೆ, ನಾನು ಹಾಸಿಗೆ ಹಾಸುತ್ತೇನೆ. ಅಕ್ಕ ಮಾತ್ರ ಇತಿಹಾಸದ ಟಿಪ್ಪಣಿಯನ್ನು ಒಂದೊಂದೇ ಬೆರಳಿನಲ್ಲಿ ಅಚ್ಚು ಮಾಡುತ್ತಿರುತ್ತಾಳೆ. ಹನ್ನೊಂದರ ಹೊತ್ತಿಗೆ ಕತ್ತಲಿನಿಂದ ನಾನು ಕೇಳುತ್ತೇನೆ:

“ಅಕ್ಕ, ಮಡಗ್ದಾ?”

“ಮಡಗ್ದೆ ಕನೊ. ನೀನು ಮನಿಕ್ಕೊ.”

ಆಮೇಲೆ ಗೋಡೆಯ ಸ್ವಿಚ್ಚಿನ ಸದ್ದು ಕೇಳುತ್ತದೆ.